ಓದುಗರು ಬರುತ್ತಾರೆ, ಮಾತು ಬೆಳೆಯುವುದಿಲ್ಲ: ಬ್ಲಾಗಿನ ಬಗೆಗಳು ಮತ್ತು ಬಳಗ ಕಟ್ಟುವ ಪ್ರಶ್ನೆ

ಪ್ರಶ್ನೆ: ಹಳೆಯ ಫಿಲ್ಮ್ ಕ್ಯಾಮೆರಾಗಳನ್ನು ದುರಸ್ತಿ ಮಾಡುವುದು ನನ್ನ ಹವ್ಯಾಸ. ಮೂರು ವರ್ಷಗಳಿಂದ ಅದರ ಬಗ್ಗೆ ಬ್ಲಾಗ್ ಬರೆಯುತ್ತಿದ್ದೇನೆ. ಸಿಕ್ಕಿಕೊಂಡ ಶಟರ್ ಬಿಡಿಸುವುದು ಹೇಗೆ, ಲೆನ್ಸಿನೊಳಗೆ ಬೆಳೆದ ಬೂಷ್ಟು ತೆಗೆಯುವುದು ಹೇಗೆ ಎಂಬಂಥ ಬರಹಗಳ ನಡುವೆ ಆಗಾಗ ದಿನಚರಿಯಂಥ ಟಿಪ್ಪಣಿಗಳನ್ನೂ ಹಾಕುತ್ತೇನೆ. ದಿನಕ್ಕೆ ಇನ್ನೂರು ಮುನ್ನೂರು ಮಂದಿ ಬಂದು ಹೋಗುತ್ತಾರೆ. ಆದರೆ ತಿಂಗಳಿಗೆ ಒಂದು ಪ್ರತಿಕ್ರಿಯೆ ಬಂದರೆ ಹೆಚ್ಚು. ನನ್ನ ಪರಿಚಯದವರೊಬ್ಬರು ತಾವು ನೋಡಿದ ಹಕ್ಕಿಗಳ ಬಗ್ಗೆ ಬರೆಯುತ್ತಾರೆ. ಅವರ ಬ್ಲಾಗಿಗೆ ದಿನಕ್ಕೆ ಮೂವತ್ತು ಜನರೂ ಬರುವುದಿಲ್ಲ, ಆದರೂ ಅಲ್ಲಿ ಹದಿನೈದು ಇಪ್ಪತ್ತು ಮಂದಿ ಸದಾ ಮಾತನಾಡುತ್ತಿರುತ್ತಾರೆ. ಒಂದೇ ವಿಷಯಕ್ಕೆ ಅಂಟಿಕೊಳ್ಳಿ ಎಂದು ಕೆಲವರು, ದಿನವೂ ಬರೆಯಿರಿ ಎಂದು ಕೆಲವರು ಹೇಳುತ್ತಾರೆ; ಬ್ಲಾಗಿನ ಕಾಲವೇ ಮುಗಿಯಿತು, ಇಮೇಲ್ ನ್ಯೂಸ್‌ಲೆಟರ್ ಆರಂಭಿಸಿ ಎನ್ನುವವರೂ ಇದ್ದಾರೆ. ಈ ನಡುವೆ ಇಬ್ಬರು ಹವ್ಯಾಸಿಗಳು ಮೂವರೂ ಸೇರಿ ಒಂದು ಸಾಮೂಹಿಕ ಬ್ಲಾಗ್ ಮಾಡೋಣವೆಂದು ಕರೆದಿದ್ದಾರೆ. ನನ್ನ ಬ್ಲಾಗ್ ಯಾವ ಬಗೆಯದಾಗಿರಬೇಕು? ಬಳಗ ಎನ್ನುವುದು ಹೇಗೆ ಕೂಡಿಬರುತ್ತದೆ? ದಿನಚರಿಯ ಬರಹಗಳನ್ನು ಅಳಿಸಿಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರತ್ಯೇಕ ಸಂಗತಿಗಳು ಒಂದಕ್ಕೊಂದು ತೊಡರಿಕೊಂಡಿವೆ. ಓದುಗರು ಸಾಕಷ್ಟು ಬರುತ್ತಿದ್ದಾರೆ ಎಂಬುದು ಒಂದು. ಅವರಲ್ಲಿ ಯಾರೂ ನಿಂತು ಮಾತನಾಡುತ್ತಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಹೆಚ್ಚಿದಂತೆ ಎರಡನೆಯದು ತಾನಾಗಿ ಸರಿಹೋಗುತ್ತದೆಂದು ನೀವು ನಂಬಿದ್ದಂತಿದೆ. ಮೂರು ವರ್ಷ ಕಾದರೂ ಹಾಗಾಗದಿದ್ದಾಗ ದೋಷ ನಿಮ್ಮ ಬರವಣಿಗೆಯಲ್ಲೇ ಇರಬೇಕೆಂಬ ಅನುಮಾನ ಬಂದಿದೆ. ಬ್ಲಾಗ್ ತಾಣಗಳ ನಿರ್ವಹಣೆ ಮತ್ತು ಪ್ರತಿಕ್ರಿಯೆಗಳ ಮೇಲ್ವಿಚಾರಣೆಯನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದಿರುವ ನಾನು ಈ ಅನುಮಾನವನ್ನು ಬಹಳ ಮಂದಿಯಲ್ಲಿ ಕಂಡಿದ್ದೇನೆ. ಅದಕ್ಕೆ ಆಧಾರ ಸಿಕ್ಕಿದ್ದು ಅಪರೂಪ.

ನೀವು ಕಳುಹಿಸಿದ ಐದಾರು ಬರಹಗಳನ್ನು ಓದಿದೆ. ಅವುಗಳಲ್ಲಿ ಪ್ರತಿಯೊಂದೂ ಒಂದು ಸಮಸ್ಯೆಯನ್ನು ಎತ್ತಿಕೊಂಡು, ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಿ ಮುಗಿಸುತ್ತದೆ. ಸರ್ಚ್ ಎಂಜಿನ್ ಮೂಲಕ ಬರುವ ಓದುಗ ತನ್ನ ಕೈಯಲ್ಲಿರುವ ಕೆಟ್ಟ ಕ್ಯಾಮೆರಾಕ್ಕೆ ಪರಿಹಾರ ಹುಡುಕುತ್ತಿರುತ್ತಾನೆ. ನಿಮ್ಮಲ್ಲಿ ಅದು ಸಿಕ್ಕಿದ ಕೂಡಲೇ ಕಿಟಕಿ ಮುಚ್ಚಿ ಮೇಜಿನ ಕಡೆ ತಿರುಗುತ್ತಾನೆ. ಅವನು ಕೃತಘ್ನನಲ್ಲ, ಅವನ ಕೆಲಸ ಮುಗಿದಿದೆ, ಅಷ್ಟೇ. ಮರುದಿನ ಬರುವ ಇನ್ನೂರು ಮಂದಿ ಬೇರೆಯೇ ಇನ್ನೂರು ಮಂದಿ. ಅವರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ, ನಿಮ್ಮ ಹೆಸರೂ ನೆನಪಿರುವುದಿಲ್ಲ. ನಿಮ್ಮ ಸ್ನೇಹಿತರ ಮೂವತ್ತು ಮಂದಿ ಮಾತ್ರ ದಿನವೂ ಅದೇ ಮೂವತ್ತು ಮಂದಿ. ಬಳಗಕ್ಕೆ ಬೇಕಾದ ಮೊದಲ ಸಾಮಗ್ರಿ ಈ ಮರುಭೇಟಿ, ಮತ್ತು ಅದನ್ನು ತಾಣದ ಒಟ್ಟು ಭೇಟಿಗಳ ಲೆಕ್ಕದಲ್ಲಿ ಕಾಣಲಾಗದು.

ಬ್ಲಾಗಿನ ಬಗೆಗಳ ಪ್ರಶ್ನೆಗೆ ಬರುತ್ತೇನೆ. ಸಾಮಾನ್ಯವಾಗಿ ಪ್ರವಾಸ, ಅಡುಗೆ, ತಂತ್ರಜ್ಞಾನ, ಫ್ಯಾಷನ್ ಎಂದು ವಿಷಯದ ಮೇಲೆ ಪಟ್ಟಿ ಮಾಡುವುದು ರೂಢಿ. ಅಂಗಡಿಯ ಕಪಾಟು ಜೋಡಿಸಲು ಅದು ಸಾಕು, ಆದರೆ ಒಂದು ಬ್ಲಾಗಿನ ಸುತ್ತ ಜನ ಏಕೆ ಸೇರುತ್ತಾರೆ, ಇನ್ನೊಂದರ ಸುತ್ತ ಏಕೆ ಸೇರುವುದಿಲ್ಲ ಎಂಬುದನ್ನು ಅದು ವಿವರಿಸಲಾರದು. ಬರಹವನ್ನು ಓದಿ ಮುಗಿಸಿದವರು ಅದಕ್ಕೆ ಮರಳಿ ಏನು ಕೊಡಬಹುದು ಎಂಬ ಅಳತೆಯಿಂದ ವಿಂಗಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಆರಂಭದ ಬ್ಲಾಗುಗಳು ಕೊಂಡಿಗಳ, ಅಂದರೆ ಲಿಂಕುಗಳ, ಪಟ್ಟಿಗಳಾಗಿದ್ದವು. 1997ರ ಡಿಸೆಂಬರಿನಲ್ಲಿ ಜಾರ್ನ್ ಬಾರ್ಗರ್ ತಮ್ಮ ತಾಣಕ್ಕೆ ವೆಬ್‌ಲಾಗ್ (ಬ್ಲಾಗ್ ಇದರ ಮೊಟಕು ರೂಪ) ಎಂಬ ಹೆಸರು ಕೊಟ್ಟಾಗ, ಅವರು ಮಾಡುತ್ತಿದ್ದುದು ಜಾಲದಲ್ಲಿ ತಾವು ಕಂಡ ಒಳ್ಳೆಯ ಪುಟಗಳನ್ನು ಒಂದೆರಡು ಮಾತಿನ ಟಿಪ್ಪಣಿಯೊಂದಿಗೆ ದಾಖಲಿಸುವ ಕೆಲಸ. ಇಂಥ ಬ್ಲಾಗಿಗೆ ಓದುಗ ಮರಳಿ ಕೊಡಬಹುದಾದದ್ದು ಇನ್ನೊಂದು ಕೊಂಡಿ; ಅದನ್ನು ಕೊಡಲು ಹೆಚ್ಚಿನ ಪರಿಣತಿಯಾಗಲಿ ಧೈರ್ಯವಾಗಲಿ ಬೇಕಿಲ್ಲವಾದ್ದರಿಂದ ಈ ಬ್ಲಾಗುಗಳು ಬಹಳ ಬೇಗ ಒಂದನ್ನೊಂದು ಗುರುತಿಸಿಕೊಂಡವು. ಬದಿಯ ಅಂಕಣದಲ್ಲಿ ತಾವು ಓದುವ ಬ್ಲಾಗುಗಳ ಹೆಸರು ಹಾಕುವ ಬ್ಲಾಗ್‌ರೋಲ್ ಈ ವಲಯದಲ್ಲಿ ಬೇರೂರಿದ ಪದ್ಧತಿ.

ದಿನಚರಿ ಬ್ಲಾಗಿನ ಸ್ವಭಾವ ಬೇರೆ. 1998ರಲ್ಲಿ ಶುರುವಾದ ಓಪನ್ ಡೈರಿ ಮತ್ತು 1999ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಆರಂಭಿಸಿದ ಲೈವ್‌ಜರ್ನಲ್ ಎರಡೂ ಸಾಮಾನ್ಯ ಜನರ ದಿನನಿತ್ಯದ ಬರವಣಿಗೆಗಾಗಿ ರೂಪುಗೊಂಡಿದ್ದವು. ಓಪನ್ ಡೈರಿ ಪ್ರತಿ ಬರಹದ ಕೆಳಗೂ ಓದುಗರು ಟಿಪ್ಪಣಿ ಬರೆಯಲು ಬಹಳ ಮೊದಲೇ ಅವಕಾಶ ಕೊಟ್ಟಿತು. ಲೈವ್‌ಜರ್ನಲ್ ಇನ್ನೂ ಮುಂದೆ ಹೋಗಿ, ನೀವು ಗೆಳೆಯರೆಂದು ಗುರುತಿಸಿದವರೆಲ್ಲರ ಬರಹಗಳನ್ನೂ ಒಂದೇ ಪುಟದಲ್ಲಿ ತೋರಿಸುತ್ತಿತ್ತು. ಬರಹವನ್ನು ಗೆಳೆಯರಿಗೆ ಮಾತ್ರ ಕಾಣುವಂತೆ ಬೀಗ ಹಾಕಲು ಬಿಡುತ್ತಿತ್ತು. ನಿಮ್ಮ ಪರಿಚಯ ಪುಟದ ಆಸಕ್ತಿಗಳಲ್ಲೊಂದನ್ನು ಒತ್ತಿದರೆ ಅದೇ ಆಸಕ್ತಿಯ ಇತರರ ಪಟ್ಟಿಯನ್ನು ಮುಂದಿಡುತ್ತಿತ್ತು. ಅಲ್ಲಿ ಬಳಗಗಳು ದಟ್ಟವಾಗಿ ಬೆಳೆದದ್ದಕ್ಕೆ ಈ ಮೂರು ಸೌಲಭ್ಯಗಳೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ದಿನಚರಿಗೆ ಓದುಗ ಮರಳಿ ಕೊಡುವುದು ತನ್ನದೇ ಅನುಭವವನ್ನು, ಮತ್ತು ಅದಿಲ್ಲದ ಮನುಷ್ಯರಿಲ್ಲ. ಆದರೆ ಅಪರಿಚಿತನ ದಿನಚರಿಯನ್ನು ಓದಲು ಯಾರಿಗೂ ತುರ್ತು ಕಾರಣವಿರುವುದಿಲ್ಲವಾದ್ದರಿಂದ, ಬಳಗ ಸೇರುವವರೆಗೆ ಅದು ಬಹಳ ಕಾಲ ಏಕಾಂಗಿಯಾಗಿಯೇ ಇರುತ್ತದೆ.

ವಿಷಯಾಧಾರಿತ, ಪರಿಣತಿಯ ಬ್ಲಾಗು ನಿಮ್ಮದು. ಇದರಲ್ಲಿ ಎರಡು ಒಳಬಗೆಗಳಿವೆ, ಮತ್ತು ಅವುಗಳ ನಡುವಿನ ವ್ಯತ್ಯಾಸವನ್ನು ಬ್ಲಾಗಿಗರೇ ಗಮನಿಸುವುದು ಕಡಿಮೆ. ಮಾಡುವ ವಿಧಾನ ಹೇಳುವ ಬ್ಲಾಗು ಉತ್ತರ ಕೊಡುತ್ತದೆ. ಮಾಡುತ್ತಿರುವ ಕೆಲಸವನ್ನು ದಾಖಲಿಸುವ ಬ್ಲಾಗು ಇನ್ನೂ ಉತ್ತರ ಸಿಗದ ಸ್ಥಿತಿಯನ್ನು ತೋರಿಸುತ್ತದೆ. ಮೊದಲನೆಯದಕ್ಕೆ ಸರ್ಚ್ ಎಂಜಿನ್ ಓದುಗರನ್ನು ತಂದುಕೊಡುತ್ತದೆ. ಎರಡನೆಯದಕ್ಕೆ ಅಷ್ಟು ಓದುಗರು ಬರುವುದಿಲ್ಲ, ಆದರೆ ಬಂದವರಿಗೆ ಹೇಳಲು ಏನಾದರೂ ಇರುತ್ತದೆ. ಹಕ್ಕಿಗಳ ಬಗ್ಗೆ ಬರೆಯುವ ನಿಮ್ಮ ಸ್ನೇಹಿತರು ಎರಡನೆಯ ಗುಂಪಿಗೆ ಸೇರಿದವರು. ಹಕ್ಕಿಯ ಗುರುತು ಖಚಿತವಿಲ್ಲದಿದ್ದರೆ ಅವರು ಹಾಗೆಂದೇ ಬರೆಯುತ್ತಿರುತ್ತಾರೆ, ಓದುಗರು ರೆಕ್ಕೆಯ ಪಟ್ಟೆ, ಕೊಕ್ಕಿನ ಬಣ್ಣ ನೋಡಿ ಚರ್ಚಿಸುತ್ತಾರೆ, ಮುಂದಿನ ವಾರ ಏನು ಕಂಡಿತೆಂದು ತಿಳಿಯಲು ಮತ್ತೆ ಬರುತ್ತಾರೆ.

ಚಿತ್ರಬ್ಲಾಗು, ಕಿರುಬ್ಲಾಗು, ಸಂಸ್ಥೆಗಳ ಬ್ಲಾಗು ಮೊದಲಾದವು ನಿಮ್ಮ ಪ್ರಶ್ನೆಗೆ ಅಷ್ಟಾಗಿ ಸಂಬಂಧಿಸಿಲ್ಲ. 2007ರಲ್ಲಿ ಬಂದ ಟಂಬ್ಲರ್ ಮಾತ್ರ ಒಂದು ಹೊಸ ಬಗೆಯ ಪ್ರತಿಕ್ರಿಯೆಯನ್ನು ರೂಢಿಗೆ ತಂದಿತೆಂದು ಹೇಳಬೇಕು. ಅಲ್ಲಿ ಓದುಗ ಬರಹವನ್ನು ತನ್ನ ಬ್ಲಾಗಿಗೇ ಎತ್ತಿಕೊಂಡು, ಕೆಳಗೆ ತನ್ನ ಮಾತು ಸೇರಿಸಿ ಮುಂದಕ್ಕೆ ದಾಟಿಸುತ್ತಾನೆ. ಹಾಗೆ ಹುಟ್ಟುವ ಬಳಗಕ್ಕೆ ವೇಗವಿದೆ. ಯಾವ ಬರಹ ಯಾರದು, ಮೊದಲು ಯಾವ ಸಂದರ್ಭದಲ್ಲಿ ಹೇಳಿದ್ದು ಎಂಬುದು ಮಾತ್ರ ಅಷ್ಟೇ ವೇಗವಾಗಿ ಕಳೆದುಹೋಗುತ್ತದೆ.

ನಿಮಗೆ ಸಿಕ್ಕ ಸಲಹೆಗಳನ್ನು ಈಗ ಒಂದೊಂದಾಗಿ ನೋಡೋಣ. ಒಂದೇ ವಿಷಯಕ್ಕೆ ಅಂಟಿಕೊಳ್ಳಬೇಕೆಂಬುದು ಸರ್ಚ್ ಎಂಜಿನ್ನಿನ ಮಟ್ಟಿಗೆ ಸ್ವಲ್ಪ ನಿಜ, ಬಳಗದ ಮಟ್ಟಿಗೆ ಬಹುಪಾಲು ಸುಳ್ಳು. ಓದುಗರು ವಿಷಯಕ್ಕಾಗಿ ಬಂದರೂ ಉಳಿಯುವುದು ಬರೆಯುವವರ ಪರಿಚಯವಾದ ಮೇಲೆ. ಆ ಪರಿಚಯ ನಿಮ್ಮ ದಿನಚರಿಯ ಟಿಪ್ಪಣಿಗಳಿಂದ ಆಗುತ್ತದೆಯೇ ಹೊರತು ಶಟರ್ ಬಿಡಿಸುವ ವಿಧಾನದಿಂದಲ್ಲ. ದಿನವೂ ಬರೆಯಬೇಕೆಂಬ ಸಲಹೆ ಓದುಗರು ಬ್ಲಾಗಿನ ಪುಟಕ್ಕೇ ಬಂದು ಹೊಸತೇನಿದೆಯೆಂದು ನೋಡುತ್ತಿದ್ದ ಕಾಲದ್ದು. ಫೀಡಿನ ಮೂಲಕವೋ ಇಮೇಲ್ ಮೂಲಕವೋ ಹೊಸ ಬರಹ ತಾನಾಗಿ ಓದುಗನನ್ನು ತಲುಪುವಾಗ, ಹದಿನೈದು ದಿನಕ್ಕೊಂದು ಬರೆದರೂ ಎಳೆ ಕಡಿಯುವುದಿಲ್ಲ. ಮುಂದಿನ ಬರಹ ಸರಿಸುಮಾರು ಯಾವಾಗ ಬರಬಹುದೆಂಬ ಅಂದಾಜು ಓದುಗರಿಗಿದ್ದರೆ ಸಾಕು.

ಬ್ಲಾಗಿನ ಕಾಲ ಮುಗಿಯಿತೆಂಬ ಮಾತಿನ ಹಿಂದೆ ಒಂದು ನಿಜವಾದ ನಷ್ಟ ಅಡಗಿದೆ. ಬ್ಲಾಗುಗಳು ಒಂದಕ್ಕೊಂದು ಕೇಳಿಸುವಂತೆ ಮಾಡಿದ್ದು ಕಣ್ಣಿಗೆ ಅಷ್ಟಾಗಿ ಬೀಳದ ಕೆಲವು ಉಪಕರಣಗಳು. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿ, ಡೇವ್ ವೈನರ್ ಮೊದಲಾದವರ ಕೈಯಲ್ಲಿ ಬೆಳೆದ ಆರ್‌ಎಸ್‌ಎಸ್ ಫೀಡು ನೂರು ಬ್ಲಾಗುಗಳನ್ನು ಒಂದೇ ಕಡೆ ಓದುವುದನ್ನು ಸಾಧ್ಯಮಾಡಿತು. 2002ರಲ್ಲಿ ಮೂವಬಲ್ ಟೈಪ್ ತಂತ್ರಾಂಶದೊಂದಿಗೆ ಬಂದ ಟ್ರ್ಯಾಕ್‌ಬ್ಯಾಕ್, ನಿಮ್ಮ ಬರಹದ ಬಗ್ಗೆ ಇನ್ನೊಬ್ಬರು ತಮ್ಮ ಬ್ಲಾಗಿನಲ್ಲಿ ಬರೆದಾಗ ನಿಮಗೆ ಸೂಚನೆ ಕೊಟ್ಟು, ಆ ಬರಹದ ಕೊಂಡಿಯನ್ನು ನಿಮ್ಮ ಪುಟದಲ್ಲೇ ಸೇರಿಸುತ್ತಿತ್ತು. ಅದೇ ಕೊಂಡಿಯ ಆಸೆಯಿಂದ ಸ್ಪ್ಯಾಮ್ (ಬೇಡದ ಪ್ರಚಾರದ ಬರಹ) ನುಗ್ಗಿತು. 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಮೂರೂ ಸೇರಿ, ಪ್ರತಿಕ್ರಿಯೆಗಳಲ್ಲಿರುವ ಕೊಂಡಿಗಳಿಗೆ ಸರ್ಚ್ ಎಂಜಿನ್ ಬೆಲೆ ಕೊಡದಂತೆ ನೋಫಾಲೋ ಎಂಬ ಗುರುತನ್ನು ಜಾರಿಗೆ ತಂದವು. ಸ್ಪ್ಯಾಮ್ ನಿಲ್ಲಲಿಲ್ಲ, ಬೇಸತ್ತ ಬ್ಲಾಗಿಗರು ಟ್ರ್ಯಾಕ್‌ಬ್ಯಾಕನ್ನೇ ನಿಲ್ಲಿಸಿದರು. 2013ರ ಜುಲೈ 1ರಂದು ಫೀಡ್ ಓದುವ ಸಾಧನವಾದ ಗೂಗಲ್ ರೀಡರ್ ಮುಚ್ಚಿದಾಗ ಬಹಳಷ್ಟು ಓದುಗರು ಫೀಡ್ ಓದುವ ಅಭ್ಯಾಸವನ್ನೇ ಬಿಟ್ಟರು. ಬರೆಯುವವರು ಬರೆಯುತ್ತಲೇ ಇದ್ದರು, ಆದರೆ ಅವರ ನಡುವಿನ ದಾರಿಗಳು ಮುಚ್ಚಿಹೋಗಿದ್ದವು. ನಿಮ್ಮ ಬ್ಲಾಗು ಹುಟ್ಟಿದ್ದು ಆ ನಂತರ. ಆದ್ದರಿಂದ ಹಿಂದಿನವರಿಗೆ ತಂತ್ರಾಂಶವೇ ಮಾಡಿಕೊಡುತ್ತಿದ್ದ ಕೆಲಸವನ್ನು ನೀವು ಕೈಯಾರೆ ಮಾಡಬೇಕಾಗಿದೆ.

ಇಲ್ಲಿಂದ ನಿಮ್ಮ ಮುಖ್ಯ ಪ್ರಶ್ನೆಗೆ ಬರಬಹುದು. ನಾನು ಕಂಡಂತೆ ಬಳಗವು ಒಂದು ಬ್ಲಾಗಿನ ಒಳಗೆ ಹುಟ್ಟುವುದು ತೀರ ಅಪರೂಪ. ಅದು ಹಲವು ಬ್ಲಾಗುಗಳ ನಡುವೆ ಹುಟ್ಟಿ, ಆಮೇಲೆ ಅವುಗಳಲ್ಲೊಂದರ ಅಂಗಳದಲ್ಲಿ ಕೂರುತ್ತದೆ. ನಿಮ್ಮ ಸ್ನೇಹಿತರ ಬ್ಲಾಗಿನಲ್ಲಿ ಮಾತನಾಡುವ ಆ ಇಪ್ಪತ್ತು ಮಂದಿ ಯಾರೆಂದು ನೋಡಿ. ಅವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿಗೆ ತಮ್ಮದೇ ಬ್ಲಾಗೋ ಬರವಣಿಗೆಯ ಇನ್ನೊಂದು ಜಾಗವೋ ಇರುತ್ತದೆಂದೂ, ನಿಮ್ಮ ಸ್ನೇಹಿತರು ಅಲ್ಲಿಗೆ ಹೋಗಿ ನಿಯಮಿತವಾಗಿ ಬರೆಯುತ್ತಾರೆಂದೂ ನಾನು ಊಹಿಸುತ್ತೇನೆ. ಮಾತು ಎರಡು ದಿಕ್ಕಿನಲ್ಲಿ ಹರಿಯುವುದರಿಂದಲೇ ಅದು ಬತ್ತುವುದಿಲ್ಲ.

ಸಂಖ್ಯೆ ಹೆಚ್ಚಿದರೆ ಈ ಹರಿವು ಹೆಚ್ಚುವುದಿಲ್ಲ ಎಂಬುದಕ್ಕೆ ಹಳೆಯ ಆಧಾರವಿದೆ. 2003ರಲ್ಲಿ ಅಂತರ್ಜಾಲದ ಬಗ್ಗೆ ಬರೆಯುವ ಲೇಖಕ ಕ್ಲೇ ಶರ್ಕಿ ಬ್ಲಾಗುಗಳ ನಡುವಿನ ಕೊಂಡಿಗಳ ಹಂಚಿಕೆಯನ್ನು ಪರಿಶೀಲಿಸಿ, ಕೆಲವೇ ಬ್ಲಾಗುಗಳಿಗೆ ಬಹುಪಾಲು ಕೊಂಡಿಗಳು ಹೋಗುತ್ತವೆ, ಉಳಿದ ಅಸಂಖ್ಯಾತ ಬ್ಲಾಗುಗಳಿಗೆ ಸಿಗುವುದು ಬೆರಳೆಣಿಕೆಯಷ್ಟು ಎಂದು ತೋರಿಸಿದರು. ಇದರಲ್ಲಿ ಯಾರ ಪಿತೂರಿಯೂ ಇರಲಿಲ್ಲ. ಆಯ್ಕೆಯ ಸ್ವಾತಂತ್ರ್ಯವಿರುವ ಬಹಳ ಜನ ಇತರರ ಆಯ್ಕೆಯನ್ನು ನೋಡಿ ತಾವೂ ಆರಿಸಿಕೊಂಡಾಗ ಹಂಚಿಕೆ ಹಾಗೆಯೇ ಆಗುತ್ತದೆ. ಅದೇ ಲೇಖನದಲ್ಲಿ ಅವರು ಹೇಳಿದ ಇನ್ನೊಂದು ಮಾತಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ತುದಿಯಲ್ಲಿರುವ ದೊಡ್ಡ ಬ್ಲಾಗು ಎಲ್ಲರಿಗೂ ಉತ್ತರಿಸಲಾಗದೆ ಕ್ರಮೇಣ ಪತ್ರಿಕೆಯಂತಾಗುತ್ತದೆ, ಸಂಭಾಷಣೆ ಉಳಿಯುವುದು ಚಿಕ್ಕವರ ನಡುವೆ ಎಂಬುದು ಆ ಮಾತು. ವೃತ್ತಿಯಲ್ಲಿ ನಾನೂ ಇದನ್ನೇ ಕಂಡಿದ್ದೇನೆ. ಪ್ರತಿಕ್ರಿಯೆಗಳು ಒಂದು ಮಿತಿ ದಾಟಿದ ಮೇಲೆ ಜನ ಒಬ್ಬರಿಗೊಬ್ಬರು ಉತ್ತರಿಸುವುದನ್ನು ಬಿಟ್ಟು ಸಭೆಯನ್ನುದ್ದೇಶಿಸಿ ಮಾತನಾಡತೊಡಗುತ್ತಾರೆ, ಜಗಳಗಳು ಶುರುವಾಗುವುದೂ ಸಾಮಾನ್ಯವಾಗಿ ಆ ಹಂತದಲ್ಲೇ.

ಸೇರಿದವರಿಗೆ ಒಂದು ಸಮಾನ ಕೆಲಸ ಸಿಕ್ಕರೆ ಬಳಗ ಗಟ್ಟಿಯಾಗುತ್ತದೆ. ಹೆಣಿಗೆ ಬ್ಲಾಗಿಗರು ಒಂದೇ ವಿನ್ಯಾಸವನ್ನು ಒಂದೇ ಅವಧಿಯಲ್ಲಿ ಎಲ್ಲರೂ ಹೆಣೆದು, ತಮ್ಮ ತಮ್ಮ ಬ್ಲಾಗುಗಳಲ್ಲಿ ಪ್ರಗತಿ ಬರೆಯುವ ಪದ್ಧತಿಯನ್ನು ಬೆಳೆಸಿಕೊಂಡರು. 2007ರಲ್ಲಿ ಆರಂಭವಾದ, ಹೆಣಿಗೆ ಹವ್ಯಾಸಿಗಳ ರಾವೆಲ್ರಿ ತಾಣಕ್ಕೆ ನೆಲ ಹದವಾದದ್ದು ಆ ಬ್ಲಾಗುಗಳ ನಡುವೆಯೇ. 2002ರಿಂದ ಕಾರ್ನಿವಲ್ ಎಂಬ ಪದ್ಧತಿಯೂ ಹರಡಿತು. ಒಂದು ವಿಷಯದ ಬಗ್ಗೆ ಆ ವಾರ ಬಂದ ಬರಹಗಳನ್ನೆಲ್ಲ ಒಬ್ಬ ಬ್ಲಾಗಿಗ ಪರಿಚಯದ ಮಾತಿನೊಂದಿಗೆ ಒಟ್ಟು ಮಾಡುತ್ತಾನೆ, ಮುಂದಿನ ವಾರದ ಸರದಿ ಇನ್ನೊಬ್ಬನದು. ವೈದ್ಯರು, ವಿಜ್ಞಾನಿಗಳು, ಇತಿಹಾಸಕಾರರು ಇಂಥ ಸರದಿಗಳನ್ನು ವರ್ಷಗಟ್ಟಲೆ ನಡೆಸಿದರು. ಇದರ ಜಾಣತನ ಎಲ್ಲಿದೆಯೆಂದರೆ, ಆತಿಥೇಯನಾಗುವ ಸರದಿ ಬಂದವನು ಇತರರೆಲ್ಲರ ಬರಹವನ್ನು ಓದಲೇಬೇಕಾಗುತ್ತದೆ.

ಅತ್ಯಂತ ದೊಡ್ಡ ಉದಾಹರಣೆ ಗಣಿತದ್ದು, ಮತ್ತು ನಿಮ್ಮ ಸಮಸ್ಯೆಗೆ ಅದು ನೇರವಾಗಿ ಅನ್ವಯಿಸುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 2009ರ ಜನವರಿ ಕೊನೆಯಲ್ಲಿ ಗಣಿತಜ್ಞ ತಿಮೊಥಿ ಗವರ್ಸ್ ತಮ್ಮ ಬ್ಲಾಗಿನಲ್ಲಿ, ಒಂದು ಕಠಿಣ ಗಣಿತ ಸಮಸ್ಯೆಯನ್ನು ಬಹಳ ಜನ ಸೇರಿ ಬಹಿರಂಗವಾಗಿ ಬಿಡಿಸಲು ಸಾಧ್ಯವೇ ಎಂದು ಕೇಳಿದರು. ಸಾಂದ್ರತೆಯ ಹೇಲ್ಸ್–ಜುವೆಟ್ ಎಂಬ ಪ್ರಮೇಯಕ್ಕೆ ಸರಳವಾದ ಹೊಸ ಸಾಧನೆ (ಪ್ರಮೇಯ ನಿಜವೆಂದು ತೋರಿಸುವ ತರ್ಕ) ಹುಡುಕುವುದು ಅವರು ಆರಿಸಿಕೊಂಡ ಸಮಸ್ಯೆ. ಕೆಲಸ ಆರಂಭಿಸುವ ಮೊದಲೇ ಅವರು ನಿಯಮಗಳನ್ನು ಬರೆದಿಟ್ಟರು. ಪ್ರತಿಕ್ರಿಯೆ ಚಿಕ್ಕದಾಗಿರಬೇಕು, ಅದಕ್ಕೆ ಕ್ರಮಸಂಖ್ಯೆ ಇರಬೇಕು, ಅರೆಬೆಂದ ಯೋಚನೆಗೂ ಸ್ವಾಗತವಿದೆ, ಒಬ್ಬರೇ ದೂರ ಹೋಗಿ ಇಡೀ ಲೆಕ್ಕವನ್ನು ಮುಗಿಸಿಕೊಂಡು ಬರಬಾರದು, ಮಾತು ಸೌಜನ್ಯದ್ದಾಗಿರಬೇಕು. ಇನ್ನೊಬ್ಬ ಗಣಿತಜ್ಞ ಟೆರೆನ್ಸ್ ಟಾವ್ ತಮ್ಮ ಬ್ಲಾಗಿನಲ್ಲಿ ಜೊತೆಯ ಚರ್ಚೆಯೊಂದನ್ನು ನಡೆಸಿದರು. ಪ್ರಸಿದ್ಧ ಗಣಿತಜ್ಞರ ಜೊತೆಗೆ ಶಾಲಾ ಶಿಕ್ಷಕರೂ ಪಾಲ್ಗೊಂಡ ಆ ಚರ್ಚೆ ನೂರಾರು ಪ್ರತಿಕ್ರಿಯೆಗಳನ್ನು ದಾಟಿ, ಆರೇಳು ವಾರಗಳಲ್ಲಿ ಸಮಸ್ಯೆಯ ತಿರುಳು ಬಿಡಿಸಿತು. ಪ್ರಬಂಧ ಡಿ.ಎಚ್.ಜೆ. ಪಾಲಿಮ್ಯಾತ್ ಎಂಬ ಸಾಮೂಹಿಕ ಹೆಸರಿನಲ್ಲಿ ಪ್ರಕಟವಾಯಿತು.

ಇಲ್ಲಿ ಗಮನಿಸಬೇಕಾದದ್ದು ಗಣಿತವನ್ನಲ್ಲ, ಬರಹದ ಆಕಾರವನ್ನು. ಗವರ್ಸ್ ಆ ಸಾಧನೆಯನ್ನು ಪೂರ್ತಿ ಬರೆದು ಬ್ಲಾಗಿಗೆ ಹಾಕಿದ್ದರೆ ಓದುಗರು ಮೆಚ್ಚಿ ಹೋಗುತ್ತಿದ್ದರು. ಅವರು ಬಾಕಿ ಉಳಿದ ಕೆಲಸವನ್ನು, ಯಾರು ಬೇಕಾದರೂ ಹಿಡಿಯಬಹುದಾದಷ್ಟು ಚಿಕ್ಕ ತುಂಡುಗಳಾಗಿ, ಮುಂದಿಟ್ಟರು. ನಿಮ್ಮ ಮೇಜಿನ ಮೇಲೆ ಕೂಡ ಕಾರಣ ತಿಳಿಯದೆ ನಿಂತಿರುವ ಕ್ಯಾಮೆರಾಗಳು, ಎಲ್ಲಿಯದೆಂದು ಗೊತ್ತಾಗದೆ ಉಳಿದ ಒಂದು ಸ್ಪ್ರಿಂಗು, ಕೈಪಿಡಿ ಸಿಗದ ಮಾದರಿಗಳು ಇದ್ದೇ ಇರುತ್ತವೆ. ಅವುಗಳ ಬಗ್ಗೆ ನೀವು ಬರೆದಿಲ್ಲ, ಬಹುಶಃ ಅವು ಮುಗಿದಿಲ್ಲವೆಂಬ ಕಾರಣಕ್ಕೆ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ಮೊದಲನೆಯದು, ಬ್ಲಾಗನ್ನು ಇದ್ದಲ್ಲಿಯೇ ಇಟ್ಟುಕೊಂಡು ಬರಹದ ಅನುಪಾತ ಬದಲಿಸುವುದು. ವಿಧಾನ ಹೇಳುವ ಬರಹಗಳು ಹಾಗೆಯೇ ಇರಲಿ, ಅಪರಿಚಿತರಿಗೆ ಅವು ಬಾಗಿಲು. ಅವುಗಳ ಜೊತೆಗೆ ನಡೆಯುತ್ತಿರುವ ಕೆಲಸದ ಬರಹಗಳನ್ನು ಸೇರಿಸಿ, ಅವುಗಳ ಕೊನೆಯಲ್ಲಿ ನಿಜವಾಗಿಯೂ ನಿಮಗೆ ಉತ್ತರ ಬೇಕಾಗಿರುವ ಒಂದೇ ಒಂದು ಪ್ರಶ್ನೆ ಇಡಿ. ನಿಮ್ಮ ಅಭಿಪ್ರಾಯ ತಿಳಿಸಿ ಎಂಬ ಒಣ ಕೋರಿಕೆಯಿಂದ ಏನೂ ಆಗುವುದಿಲ್ಲ. ಓದುಗರು ಅದನ್ನು ಶಿಷ್ಟಾಚಾರವೆಂದೇ ತಿಳಿಯುತ್ತಾರೆ. ಇದೇ ಹವ್ಯಾಸದ ಆರೇಳು ಬ್ಲಾಗುಗಳನ್ನು ಆರಿಸಿಕೊಂಡು ನಿಯಮಿತವಾಗಿ ಓದಿ, ಅವರ ಬರಹಕ್ಕೆ ಕೊಂಡಿ ಕೊಟ್ಟು ಅದರ ಮೇಲೆ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ಬರೆದಿರುವುದನ್ನು ಅವರಿಗೆ ಒಂದು ಸಾಲಿನಲ್ಲಿ ತಿಳಿಸಿ. ಬ್ಲಾಗ್‌ರೋಲ್ ಹಳೆಯ ಕಾಲದ್ದೆಂದು ಸಂಕೋಚಪಡದೆ ಹಾಕಿ. ಈ ದಾರಿಯಲ್ಲಿ ಅಪಾಯ ಕಡಿಮೆ, ಆದರೆ ನಿಧಾನ. ಮೊದಲ ಆರು ತಿಂಗಳು ಏನೂ ಬದಲಾಗದಂತೆ ಕಾಣಬಹುದು. ಕೊನೆಗೂ ಮಾತನಾಡುವವರು ಓದುವವರ ಒಂದು ಚಿಕ್ಕ ಪಾಲು ಮಾತ್ರ ಎಂಬುದನ್ನೂ ತಿಳಿದಿರಿ. ನೂರಕ್ಕೆ ತೊಂಬತ್ತು ಮಂದಿ ಕೇವಲ ಓದುತ್ತಾರೆ, ಒಂಬತ್ತು ಮಂದಿ ಆಗಾಗ ಬರೆಯುತ್ತಾರೆ, ಒಬ್ಬರು ಮಾತ್ರ ಸದಾ ಬರೆಯುತ್ತಾರೆ ಎಂದು ಜಾಲತಾಣಗಳ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಹೇಳಿದ ಲೆಕ್ಕ ಸ್ಥೂಲ ಅಂದಾಜಷ್ಟೇ ಆದರೂ, ನಾನು ನೋಡಿಕೊಂಡ ತಾಣಗಳಲ್ಲಿ ಬ್ಲಾಗುಗಳು ಅದಕ್ಕಿಂತ ಮೌನವಾಗಿದ್ದವು.

ಪ್ರತಿಕ್ರಿಯೆಗಳು ಬರತೊಡಗಿದಾಗ ಅವುಗಳನ್ನು ಪ್ರಕಟಿಸುವ ಮುನ್ನ ನೋಡುವ ಕೆಲಸ ನಿಮ್ಮ ಹೆಗಲಿಗೆ ಬರುತ್ತದೆ. ಸ್ಪ್ಯಾಮಿಗೆ ಅಕಿಸ್ಮೆಟ್‌ನಂಥ ಸೋಸುವ ತಂತ್ರಾಂಶಗಳಿವೆ. ಮನುಷ್ಯರ ಒರಟುತನಕ್ಕೆ ಅಂಥದ್ದಿಲ್ಲ. ಮೊದಲ ಸಲ ಬರೆಯುವವರ ಪ್ರತಿಕ್ರಿಯೆಯನ್ನು ತಡೆದು ಓದಿ, ಒಪ್ಪಿದ ಮೇಲೆ ಅವರ ಮುಂದಿನವು ನೇರ ಪ್ರಕಟವಾಗುವಂತೆ ಮಾಡುವುದು ಹೆಚ್ಚಿನ ತಂತ್ರಾಂಶಗಳಲ್ಲಿ ಸಾಧ್ಯ. ಅದನ್ನೇ ಸಲಹೆ ಮಾಡುತ್ತೇನೆ. ಹೊಸ್ತಿಲು ಸ್ವಲ್ಪ ಎತ್ತರವಿದ್ದರೆ ಜನ ಬರುವುದಿಲ್ಲವೆಂಬ ಭಯ ಬೇಡ. 1999ರಲ್ಲಿ ಶುರುವಾದ ಮೆಟಾಫಿಲ್ಟರ್ ಎಂಬ ಸಾಮೂಹಿಕ ಬ್ಲಾಗು 2004ರಿಂದ ಹೊಸ ಸದಸ್ಯರಿಂದ ಒಂದು ಸಲಕ್ಕೆ ಐದು ಡಾಲರ್ ಪಡೆಯತೊಡಗಿತು. ಮೊತ್ತ ಅಲ್ಪವೇ ಆದರೂ ಗಲಾಟೆಗೆಂದೇ ಹೊಸ ಹೆಸರಿನಲ್ಲಿ ಮತ್ತೆ ಮತ್ತೆ ಬರುವವರಿಗೆ ಅದು ತಡೆಯಾಯಿತು, ತಾಣವೂ ದೀರ್ಘಕಾಲ ಬಾಳಿತು.

ಎರಡನೆಯ ದಾರಿ ನ್ಯೂಸ್‌ಲೆಟರ್. ಮರುಭೇಟಿಯ ಸಮಸ್ಯೆಯನ್ನು ಅದು ಚೆನ್ನಾಗಿ ಬಿಡಿಸುತ್ತದೆ, ಏಕೆಂದರೆ ಓದುಗರ ವಿಳಾಸ ನಿಮ್ಮಲ್ಲಿರುತ್ತದೆ. ಆದರೆ ಇಮೇಲಿಗೆ ಬರುವ ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಓದುಗರು ಒಬ್ಬರನ್ನೊಬ್ಬರು ಕಾಣುವುದಿಲ್ಲ. ನೂರು ಜನರೊಂದಿಗೆ ನೂರು ಪ್ರತ್ಯೇಕ ಗೆಳೆತನ ಬೆಳೆಯಬಹುದು, ಬಳಗ ಬೆಳೆಯುವುದು ಕಷ್ಟ. ಬ್ಲಾಗನ್ನು ಬಿಟ್ಟು ಇದಕ್ಕೆ ಹೋಗುವುದಕ್ಕಿಂತ, ಬ್ಲಾಗಿನ ಹೊಸ ಬರಹವನ್ನು ಇಮೇಲಿನಲ್ಲಿ ತಿಳಿಸಿ ಮಾತಿಗೆ ಬ್ಲಾಗಿಗೇ ಕರೆಯುವುದು ಮೇಲು.

ಸಾಮೂಹಿಕ ಬ್ಲಾಗಿನ ಆಹ್ವಾನ ಆಕರ್ಷಕವಾಗಿದೆ. ಮೂವರು ಬರೆದರೆ ಒಬ್ಬರ ಮೇಲಿನ ಹೊರೆ ಇಳಿಯುತ್ತದೆ, ಮೊದಲ ದಿನದಿಂದಲೇ ಮೂವರ ನಡುವೆ ಮಾತು ನಡೆಯುತ್ತದೆ, ಹೊಸಬರು ಅದನ್ನು ಕೇಳಿ ಸೇರಿಕೊಳ್ಳುತ್ತಾರೆ. ಅಪಾಯ ಬರುವುದು ಗೆಳೆತನ ಕೆಟ್ಟಾಗ ಮಾತ್ರವಲ್ಲ, ಹಣ ಬಂದಾಗಲೂ ಹೌದು. ಸೀಡ್ ಮೀಡಿಯಾ ಸಂಸ್ಥೆ 2006ರಲ್ಲಿ ಆರಂಭಿಸಿದ ಸೈನ್ಸ್‌ಬ್ಲಾಗ್ಸ್ ತಾಣದಲ್ಲಿ ಹಲವಾರು ವಿಜ್ಞಾನಿಗಳು, ವಿಜ್ಞಾನ ಲೇಖಕರು ಒಟ್ಟಿಗೆ ಬರೆಯುತ್ತಿದ್ದರು. 2010ರ ಜುಲೈಯಲ್ಲಿ ಅದೇ ಸಾಲಿನಲ್ಲಿ ಪೆಪ್ಸಿಕೊ ಕಂಪನಿ ಹಣ ಕೊಟ್ಟು ನಡೆಸುವ ಆಹಾರ ವಿಜ್ಞಾನದ ಬ್ಲಾಗೊಂದು ಕಾಣಿಸಿಕೊಂಡಿತು. ಪ್ರತಿಭಟನೆಯ ನಂತರ ಕೆಲವೇ ದಿನಗಳಲ್ಲಿ ಅದನ್ನು ತೆಗೆದರೂ ಹಲವರು ತಾಣ ಬಿಟ್ಟು ಹೋದರು. ಜಾಹೀರಾತು ಅಲ್ಲಿ ಮೊದಲೂ ಇತ್ತು. ಬರಹದ ಜಾಗವನ್ನೇ ಮಾರಿದ್ದನ್ನೂ, ತಮ್ಮನ್ನು ಕೇಳದೆ ಮಾರಿದ್ದನ್ನೂ ಬ್ಲಾಗಿಗರು ಸಹಿಸಲಿಲ್ಲ. ನಿಮ್ಮ ಮೂವರ ಬ್ಲಾಗಿಗೆ ನಾಳೆ ಫಿಲ್ಮ್ ಮಾರುವವರೊಬ್ಬರು ಉಚಿತ ಸಾಮಗ್ರಿ ಕಳುಹಿಸಿದರೆ ಏನು ಮಾಡುವುದೆಂದು ಇಂದೇ ಮಾತನಾಡಿಕೊಳ್ಳಿ. ಪಡೆದರೆ ಪಡೆದೆವೆಂದು ಬರಹದ ಮೊದಲಲ್ಲೇ ಹೇಳುವುದು ನನ್ನ ಸಲಹೆ.

ತಾಣ ಎಲ್ಲಿರಬೇಕು ಎಂಬುದನ್ನೂ ಆಗಲೇ ತೀರ್ಮಾನಿಸಬೇಕಾಗುತ್ತದೆ. ಲೈವ್‌ಜರ್ನಲ್ 2005ರಲ್ಲಿ ಸಿಕ್ಸ್ ಅಪಾರ್ಟ್ ಕಂಪನಿಗೆ, 2007ರಲ್ಲಿ ರಷ್ಯಾದ ಸಪ್ ಕಂಪನಿಗೆ ಮಾರಾಟವಾಯಿತು. ಅದರ ಸರ್ವರುಗಳು ರಷ್ಯಾಕ್ಕೆ ಹೋಗಿ, 2017ರಲ್ಲಿ ಹೊಸ ಬಳಕೆಯ ನಿಯಮಗಳು ಬಂದಾಗ ಬಹಳಷ್ಟು ಹಳೆಯ ಬಳಕೆದಾರರು ಅದೇ ಮೂಲ ತಂತ್ರಾಂಶದ ಮೇಲೆ ಕಟ್ಟಿದ ಡ್ರೀಮ್‌ವಿಡ್ತ್‌ಗೆ ತಮ್ಮ ಬರಹಗಳನ್ನೂ ಪ್ರತಿಕ್ರಿಯೆಗಳನ್ನೂ ಹೊತ್ತು ಸಾಗಿದರು. ಅವರಿಗೆ ಹಾಗೆ ಹೋಗಲು ಸಾಧ್ಯವಾದದ್ದು ಎಲ್ಲವನ್ನೂ ಹೊರತೆಗೆಯುವ ಸೌಲಭ್ಯ ಇದ್ದುದರಿಂದ. 2013ರಲ್ಲಿ ಮುಚ್ಚಿದ ಪೋಸ್ಟರಸ್ ಎಂಬ ಬ್ಲಾಗ್ ತಾಣ ತನ್ನ ಬ್ಲಾಗಿಗರಿಗೆ ಬ್ಯಾಕಪ್ ಕೊಟ್ಟಿತು, ಆದರೆ ಬರಹಗಳ ಹಳೆಯ ವಿಳಾಸಗಳು ಸತ್ತುಹೋದವು, ಅವುಗಳ ಜೊತೆಗೆ ಇತರರು ಕೊಟ್ಟಿದ್ದ ಕೊಂಡಿಗಳೂ. ಆದ್ದರಿಂದ ಸ್ವಂತ ಡೊಮೇನ್ ಹೆಸರು (ತಾಣಕ್ಕೆ ನಿಮ್ಮದೇ ಆದ ವಿಳಾಸ) ತೆಗೆದುಕೊಳ್ಳುವುದು ಖರ್ಚಿನ ಬಾಬತ್ತಾದರೂ ಮಾಡಿ. ಮುಂದೆ ತಾಣ ಬದಲಿಸಿದರೂ ವಿಳಾಸ ಉಳಿಯುತ್ತದೆ. ಆ ಡೊಮೇನ್ ಮೂವರಲ್ಲಿ ಯಾರ ಹೆಸರಿನಲ್ಲಿರುತ್ತದೆ, ಒಬ್ಬರು ಹೊರಟರೆ ಅವರ ಬರಹಗಳು ಇರುತ್ತವೆಯೇ ಹೋಗುತ್ತವೆಯೇ, ಪ್ರತಿಕ್ರಿಯೆಗಳ ಬಗ್ಗೆ ಕೊನೆಯ ಮಾತು ಯಾರದು ಎಂಬ ಮೂರು ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದು ಮೂವರೂ ಒಪ್ಪಿಕೊಳ್ಳಿ.

ನನ್ನನ್ನು ಕೇಳಿದರೆ, ಸದ್ಯಕ್ಕೆ ನಿಮ್ಮ ಬ್ಲಾಗನ್ನು ಬಿಡದೆ, ಆ ಇಬ್ಬರೊಂದಿಗೆ ಸಾಮೂಹಿಕ ಬ್ಲಾಗಿನ ಬದಲು ಸರದಿಯ ಕೆಲಸವೊಂದನ್ನು ಆರಂಭಿಸಿ ಎನ್ನುತ್ತೇನೆ. ಒಂದೇ ಮಾದರಿಯ ಕ್ಯಾಮೆರಾವನ್ನು ಮೂವರೂ ಒಂದೇ ತಿಂಗಳಲ್ಲಿ ಬಿಚ್ಚಿ, ತಮ್ಮ ತಮ್ಮ ಬ್ಲಾಗಿನಲ್ಲಿ ಬರೆದು, ಒಬ್ಬರಿಗೊಬ್ಬರು ಕೊಂಡಿ ಕೊಡಿ. ತಿಂಗಳ ಕೊನೆಯಲ್ಲಿ ಒಬ್ಬರು ಮೂರನ್ನೂ ಒಟ್ಟುಗೂಡಿಸಲಿ, ಇತರರನ್ನೂ ಕರೆಯಲಿ. ಒಂದು ವರ್ಷ ಇದು ಕುಂಟದೆ ನಡೆದರೆ ಒಂದೇ ಸೂರಿನಡಿ ಸೇರುವ ಮಾತನ್ನು ಆಮೇಲೆ ಎತ್ತಬಹುದು. ನಡೆಯದಿದ್ದರೆ ಒಡೆಯಲು ಏನೂ ಇರುವುದಿಲ್ಲ, ಮೂವರ ಬ್ಲಾಗುಗಳೂ ಇದ್ದಂತೆಯೇ ಇರುತ್ತವೆ.

ದಿನಚರಿಯ ಬರಹಗಳನ್ನು ಅಳಿಸಬೇಡಿ. ಅಂಕಿಅಂಶದಲ್ಲಿ ಅವು ಕೆಳಗಿರುತ್ತವೆ, ಏಕೆಂದರೆ ಅವುಗಳನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಆದರೆ ಶಟರಿನ ಬರಹ ಓದಿ ನಿಮ್ಮ ಬಗ್ಗೆ ಕುತೂಹಲ ಹುಟ್ಟಿದವರು ಮುಂದೆ ಒತ್ತುವುದು ಅವನ್ನೇ. ಅವುಗಳಿಗೆ ಪ್ರತ್ಯೇಕ ವಿಭಾಗ ಮಾಡಿ, ವಿಭಾಗಕ್ಕೆ ಪ್ರತ್ಯೇಕ ಫೀಡ್ ಕೊಡಿ. ದುರಸ್ತಿ ಮಾತ್ರ ಬೇಕೆನ್ನುವವರಿಗೆ ಆಗ ಕಿರಿಕಿರಿಯಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಇನ್ನೂರು ಅಪರಿಚಿತರು ಓದುತ್ತಿದ್ದಾಗ ಬರೆದ ಮನೆಯವರ, ಸಹೋದ್ಯೋಗಿಗಳ ವಿವರಗಳು ಇಪ್ಪತ್ತು ಪರಿಚಿತರು ಓದತೊಡಗಿದಾಗ ಬೇರೆಯೇ ಅರ್ಥ ಪಡೆಯುತ್ತವೆ, ಏಕೆಂದರೆ ಅಪರಿಚಿತರು ಮರೆಯುತ್ತಾರೆ, ಪರಿಚಿತರು ನೆನಪಿಟ್ಟು ಕೇಳುತ್ತಾರೆ. ಹಳೆಯ ಟಿಪ್ಪಣಿಗಳನ್ನು ಒಮ್ಮೆ ಆ ದೃಷ್ಟಿಯಿಂದ ಓದಿ, ಇತರರ ಹೆಸರು ಮತ್ತು ಗುರುತು ಸಿಗುವ ವಿವರಗಳಿದ್ದರೆ ಅಷ್ಟನ್ನು ಮಾತ್ರ ತೆಗೆಯಿರಿ. ಸರ್ಚ್ ಎಂಜಿನ್ನುಗಳಲ್ಲಿ, ಸಂಗ್ರಹ ತಾಣಗಳಲ್ಲಿ ಹಳೆಯ ಪ್ರತಿ ಕೆಲಕಾಲ ಉಳಿದಿರಬಹುದಾದ್ದರಿಂದ, ಈ ಕೆಲಸವನ್ನು ಆ ಇಬ್ಬರೊಂದಿಗೆ ಸರದಿ ಆರಂಭಿಸುವ ಮುನ್ನವೇ ಮುಗಿಸಿಕೊಳ್ಳುವುದು ಒಳ್ಳೆಯದು.